ಕಣ್ಣು ಮುಚ್ಚಿ ತೆರೆದ ಪುಟ

ನಾನು ಒಂದು ಸತ್ಯವೇದ, ಅಂದರೆ ಬೈಬಲ್. ಅಚ್ಚಿನ ಮನೆಯಲ್ಲಿ ಹುಟ್ಟಿದೆ. ಹಾಳೆ ಮಡಚಿ, ಬೆನ್ನಿಗೆ ದಾರ ಹಾಕಿ ಹೊಲಿದು, ಕರಿ ರಟ್ಟು ತೊಡಿಸಿದರು. ಜನ ನನ್ನನ್ನು ಓದಿ ಬುದ್ಧಿವಂತರಾಗುತ್ತಾರೆ ಎಂದುಕೊಂಡಿದ್ದೆ. ಎಂಥ ಹುಚ್ಚು ನನ್ನದು!

ನನ್ನನ್ನು ಮೊದಲು ಮನೆಗೆ ತಂದವಳು ಬೆಟಗೇರಿಯ ಮರಿಯವ್ವ. ಬೆಳಗಿನ ಚಹಾ ಮುಗಿಸಿ, ಸಾಲಿನ ಮೇಲೆ ಬೆರಳಾಡಿಸುತ್ತ, ತುಟಿ ಅಲುಗಿಸುತ್ತ ಓದುವಳು. ತಿಳಿಯದಿದ್ದರೆ ಮತ್ತೆ ಮೊದಲಿನಿಂದ ಓದುವಳು. ಅವಳದು ಒಂದೇ ಕೆಟ್ಟ ಚಾಳಿ. ನನ್ನೊಳಗಿನ ರೆಬೆಕ್ಕಳ ಮದುವೆಯ ಕಥೆ ಅವಳಿಗೆ ಬಲು ಇಷ್ಟ. ದಪ್ಪ ಕನ್ನಡಕವನ್ನು ಆ ಪುಟದಲ್ಲೇ ಇಟ್ಟು ನನ್ನನ್ನು ಮುಚ್ಚುವಳು. ಕಡೆಗೆ ನನ್ನ ಬೆನ್ನು ಅಲ್ಲೇ ಮುರಿಯಿತು. ಆಮೇಲಿಂದ ಯಾರು ತೆಗೆದರೂ ನಾನು ಅಲ್ಲೇ ಬಾಯಿ ಬಿಡುತ್ತೇನೆ.

ಅವಳು ತೀರಿಕೊಂಡ ಮೇಲೆ ಮಗ ಸಮುವೇಲಪ್ಪನ ಕೈಗೆ ಬಿದ್ದೆ. ಚರ್ಚಿನಲ್ಲಿ ಇವನೇ ದೊಡ್ಡ ಭಕ್ತ. ಓದು ಮಾತ್ರ ಕೇಳಬೇಡಿ! ಏನಾದರೂ ನಿರ್ಧಾರ ಮಾಡುವುದಿದ್ದರೆ ಕಣ್ಣು ಮುಚ್ಚಿ, ನನ್ನನ್ನು ಪಟಕ್ಕನೆ ತೆರೆದು ಬೆರಳಿಡುವುದು. ಬೆರಳಿಗೆ ಸಿಕ್ಕ ಸಾಲೇ ದೇವರ ಅಪ್ಪಣೆ. ಒಮ್ಮೆ ರೆಬೆಕ್ಕಳ ಕಥೆಯಲ್ಲಿ ಒಂಟೆಗಳು ಹೊರಟ ಸಾಲಿನ ಮೇಲೆ ಬೆರಳು ಬಿತ್ತು. "ದೇವರು ಹೊಂಡು ಅಂತಾನ" ಎಂದು ಮನೆ ಬದಲಿಸಿದ. ಹೊಸ ಮನೆ ಸೋರಿತು. "ದೇವರ ಪರೀಕ್ಷೆ" ಎಂದ. ಥೂ!

ಇಂಥವನ ಮಗಳು ಸಲೋಮಿಗೆ ಹುಬ್ಬಳ್ಳಿಯಿಂದ ಗಂಡು ಬಂತು. ಗರಿಗರಿ ಅಂಗಿ, ಕೈಯಲ್ಲಿ ಚಿನ್ನದ ಕಡಗ. ಜೊತೆಗೆ ಬಂದ ಮುದಿ ತಾಯಿ ಕೆಮ್ಮುತ್ತ ನೀರು ಕೇಳಿದಳು. "ಸುಮ್ನ ಕುಂದ್ರಬೇ, ಮಾನ ಕಳೀಬ್ಯಾಡ" ಎಂದು ಮಗ ಗದರಿದ. ಸಲೋಮಿಯೇ ಎದ್ದು ನೀರು ಕೊಟ್ಟಳು. ಸಮುವೇಲಪ್ಪ ಕಡಗ ನೋಡುತ್ತಿದ್ದ.

ಅವರು ಹೋದ ಮೇಲೆ ನನ್ನನ್ನು ತೆರೆದ. ರೆಬೆಕ್ಕ ಗಂಡನ ಮನೆಗೆ ಹೋಗಲು ಒಪ್ಪಿದ ಸಾಲಿನ ಮೇಲೆ ಬೆರಳು ಬಿತ್ತು.

"ದೇವರು ಹೂಂ ಅಂದ!" ಎಂದು ಕುಣಿದ.

ದೇವರಲ್ಲವೋ ದಡ್ಡ, ನಿಮ್ಮವ್ವನ ಕನ್ನಡಕ!

"ಇನ್ನೊಮ್ಮೆ ತಗಿ, ಅಪ್ಪಾ" ಎಂದಳು ಸಲೋಮಿ. ತೆಗೆದ. ಅದೇ ಪುಟ.

"ನೋಡವಾ, ದೇವರು ಒತ್ತಿ ಒತ್ತಿ ಹೇಳಾಕತ್ತಾನ!"

ಸಲೋಮಿ ನನ್ನನ್ನು ತೊಡೆಗೆಳೆದುಕೊಂಡು ಆ ಕಥೆಯನ್ನು ಮೊದಲಿನಿಂದ ಓದಿದಳು. ಯಜಮಾನನ ಮಗನಿಗೆ ಹೆಣ್ಣು ಹುಡುಕಿ ಬಂದ ಸೇವಕ ಬಾವಿಯ ಬಳಿ ನಿಂತದ್ದು, ದಣಿದವನಿಗೂ ಅವನ ಒಂಟೆಗಳಿಗೂ ನೀರು ಸೇದಿ ಕೊಟ್ಟವಳನ್ನೇ ಅವನು ಆರಿಸಿದ್ದು, ಮನೆಯವರು ಹುಡುಗಿಯನ್ನು ಕರೆದು ಹೋಗುತ್ತೀಯಾ ಎಂದು ಕೇಳಿದ್ದು.

"ಅಪ್ಪಾ, ಇಲ್ಲಿ ನೀರು ಕೊಡೋ ಗುಣ ನೋಡಿ ಆರಿಸ್ಯಾರ. ಈ ಮನಶ್ಯಾ ಹಡದವ್ವಗ ನೀರು ಕೊಡಲಿಲ್ಲ. ಮತ್ತ, ಇವರು ಹುಡುಗಿನ್ನ ಕರದು ಕೇಳ್ಯಾರ. ನೀ ನನ್ನ ಒಂದ್ ಮಾತರ ಕೇಳಿದೇನು?"

ಸಮುವೇಲಪ್ಪ ಬಗ್ಗಿ ಆ ಸಾಲು ನೋಡಿದ. ಉತ್ತರದ ಮೇಲೆ ಬೆರಳಿಟ್ಟವನು ಅದರ ಮೇಲಿದ್ದ ಪ್ರಶ್ನೆಯನ್ನೇ ಓದಿರಲಿಲ್ಲ. ಮಗಳ ಕಡೆ ತಿರುಗಿ, "ನೀ ಏನಂತೀಯವಾ?" ಎಂದ.

"ಒಲ್ಲೆ."

ಸಂಬಂಧ ಮುರಿಯಿತು. ನನ್ನ ಎದೆ ತಣ್ಣಗಾಯಿತು.

ಸಮುವೇಲಪ್ಪನಿಗೆ ಬುದ್ಧಿ ಬಂತು ಅಂದುಕೊಂಡಿರಾ? "ಹಳೇದರ ಬೆನ್ನು ಮುರದೈತಿ, ಅದಕ್ಕ ತಪ್ಪು ತೋರಸ್ತಿತ್ತು" ಎಂದು ಜಿಪ್ಪಿನ ಹೊಸ ಸತ್ಯವೇದ ತಂದ. ಅದಕ್ಕೂ ಕಣ್ಣು ಮುಚ್ಚಿಯೇ ಬೆರಳಿಡುತ್ತಾನೆ. ಮೊನ್ನೆ ಬರೀ ವಂಶಾವಳಿ ಸಿಕ್ಕು, ತಲೆ ಕೆರೆಯುತ್ತ ಕೂತಿದ್ದ.

ನಾನೀಗ ಅಡಿಗೆಮನೆಯ ಗೂಡಿನಲ್ಲಿದ್ದೇನೆ. ಹಾಳೆ ಹಳದಿಯಾಗಿದೆ, ರಟ್ಟಿಗೆ ಹುಳು ಬಿದ್ದಿದೆ. ಬೆಳಗಿನ ಚಹಾ ಮುಗಿಸಿ ಸಲೋಮಿ ನನ್ನನ್ನು ತೆಗೆದುಕೊಳ್ಳುತ್ತಾಳೆ, ಬೆನ್ನು ಮುರಿದ ಪುಟ ದಾಟಿ ಮುಂದಕ್ಕೆ ಓದುತ್ತಾಳೆ. ಅವಳ ಸಲುವಾಗಿ ಈ ಮನೆಯನ್ನು ಸಹಿಸಿಕೊಂಡಿದ್ದೇನೆ. ಅವನ ಸಲುವಾಗಿ ಅಲ್ಲ.