ಅಳಿಸಿದ ಪಟಗಳು

ಹೋಯ್ ಆನ್ ಪಟ್ಟಣದ ಹಳದಿ ಗೋಡೆಗಳ ಮುಂದೆ ಮದುಮಕ್ಕಳನ್ನು ನಿಲ್ಲಿಸಿ ಪಟ ತೆಗೆಯುವವರ ಪೈಕಿ ಖಾಂಗ್‌ನದು ದೊಡ್ಡ ಹೆಸರು. ಅವನ ಹೆಂಡತಿ ಮಿಯೆನ್ ತೀರಿಕೊಂಡು ಎರಡು ದಿನವಾದರೂ ಶವಪೆಟ್ಟಿಗೆಯ ಮುಂದಿನ ಮೇಜಿನ ಮೇಲೆ ಅವಳ ಭಾವಚಿತ್ರ ಬಂದಿರಲಿಲ್ಲ. ಅನ್ನದ ಬಟ್ಟಲು, ಅದರ ಮೇಲೊಂದು ಬೇಯಿಸಿದ ಮೊಟ್ಟೆ, ಊದುಬತ್ತಿ ಎಲ್ಲ ಇದ್ದವು. ನಡುವೆ ಖಾಲಿ ಚೌಕಟ್ಟು. ನೆರೆಯವರು ಬಂದು ತಲೆಬಾಗಿದರು, ಹೊರಗೆ ಹೋಗಿ ಪಟದವನ ಮನೆಯಲ್ಲೇ ಪಟವಿಲ್ಲವಲ್ಲ ಎಂದು ಪಿಸುಗುಟ್ಟಿದರು.

ಮಿಯೆನ್‌ಳ ಅಕ್ಕ ದಾವ್‌ಗೆ ಪಿಸುಗುಟ್ಟಿ ಗೊತ್ತಿಲ್ಲ.

"ನಾಳೆ ಬೆಳಿಗ್ಗೆ ಪೆಟ್ಟಿಗೆ ಎತ್ತುತ್ತಾರೆ ಖಾಂಗ್. ಪೆಟ್ಟಿಗೆ ಮುಂದೆ ಏನು ಹಿಡ್ಕೊಂಡು ಹೋಗ್ಲಿ, ಬರೀ ಗಾಜಾ? ಕಂಡೋರ ಹೆಂಡ್ತೀರ ಮುಖ ಎಲ್ಲಾ ಇದೆ ನಿನ್ನ ಹತ್ರ."

ಗುರುತಿನ ಚೀಟಿಯ ಪಟವನ್ನು ದೊಡ್ಡದು ಮಾಡಿ ನೋಡಿಯಾಗಿತ್ತು, ಬೂದಿ ಬಳಿದಂತಿತ್ತು. ಮಿಯೆನ್‌ಳ ಮೊಬೈಲಿನಲ್ಲಿ ಆರ್ಕಿಡ್ ಹೂಗಳು, ಅಕ್ಕನ ಮೊಮ್ಮಕ್ಕಳು. ಬಿಸಿಲಿಗೆ ಹೆದರಿ ಊರ ಹೆಂಗಸರೆಲ್ಲರಂತೆ ಅವಳೂ ಹೊರಗೆ ಹೊರಟರೆ ಕಣ್ಣೆರಡು ಬಿಟ್ಟು ಮುಖವೆಲ್ಲ ಮುಚ್ಚಿಕೊಳ್ಳುತ್ತಿದ್ದಳು. ಉಳಿದದ್ದು ಖಾಂಗ್‌ನ ಕಂಪ್ಯೂಟರ್ ಒಂದೇ. ಬೆಳಗಿನಿಂದ ಅದರ ಮುಂದೆ ಕೂತಿದ್ದ.

ಅವನ ಹಳೆಯ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ ಹಿಂದಿರುವುದೂ ಮಸುಕಾಗುತ್ತಿರಲಿಲ್ಲ. ಮದುಮಗಳ ಹಿಂದಿನ ಕಸದ ಬುಟ್ಟಿ, ಕರೆಂಟಿನ ತಂತಿ, ಅವನ ಕೆಲಸಕ್ಕೆ ನೆರವಾಗಲು ಬಂದು ಚೀಲಗಳ ಪಕ್ಕದಲ್ಲಿ ನಿಂತ ಮಿಯೆನ್, ಎಲ್ಲವೂ ಅಚ್ಚುಕಟ್ಟಾಗಿ ಮೂಡುತ್ತಿದ್ದವು. ಮನೆಗೆ ಬಂದು ಅವಳನ್ನು ಒಂದೊಂದಾಗಿ ಅಳಿಸುತ್ತಿದ್ದ. ಆರು ವರ್ಷದ ಹಿಂದೆ ಫುಲ್ ಫ್ರೇಮ್ ಎಂಬ ದುಬಾರಿ ಕ್ಯಾಮೆರಾ ಕೊಂಡ. ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಅದರದ್ದೇ ಪುರಾಣ: ಸೆನ್ಸರ್ ದೊಡ್ಡದು, ಬೆಳಕು ಹೆಚ್ಚು ಹಿಡಿಯುತ್ತದೆ, ಹಳೆಯ ಮರದ ಮನೆಗಳ ಕತ್ತಲಲ್ಲೂ ದೀಪ ಬೇಡ, ಎವೆಗೂದಲು ಎಣಿಸಬಹುದು. ಲೆನ್ಸ್ ಪೂರ್ತಿ ತೆರೆದರೆ ಮದುಮಗಳೊಬ್ಬಳು ಎದ್ದು ನಿಲ್ಲುತ್ತಾಳೆ, ಹಿಂದಿನದೆಲ್ಲ ಕರಗಿಹೋಗುತ್ತದೆ. ಇಷ್ಟನ್ನೂ ಕೇಳಿ ಕೇಳಿ ಮಿಯೆನ್‌ಗೆ ಬಾಯಿಪಾಠವಾಗಿತ್ತು.

"ಇನ್ಮೇಲೆ ನೀನು ಓಡಿ ಓಡಿ ಮರೆಯಾಗ್ಬೇಕಾಗಿಲ್ಲ ಕಣೇ," ಎಂದಿದ್ದ ಮೊದಲ ದಿನ. "ಹಿಂದೆ ಎಲ್ಲಿ ಕೂತ್ರೂ ಕಾಣ್ಸಲ್ಲ."

"ಸದ್ಯ, ನನ್ನ ಮಂಡಿ ಬದುಕ್ತು ಬಿಡ್ರೀ," ಎಂದು ಅವಳು ನಿಜವಾಗಿಯೂ ಖುಷಿಪಟ್ಟಿದ್ದಳು.

ಆರು ವರ್ಷದ ಪಟಗಳನ್ನು ಈಗ ಅವನು ಒಂದೊಂದಾಗಿ ತೆರೆದ. ಮುಂದೆ ಯಾರದೋ ಮಗಳ ನಗು. ಹಿಂದೆ ಒಂದು ನೀಲಿ ಕಲೆ. ಆ ನೀಲಿ ಅಂಗಿ ಯಾರದೆಂದು ಅವನಿಗೆ ಗೊತ್ತಿತ್ತು, ಅಷ್ಟೇ. ಮುಖವಿರಲಿಲ್ಲ.

ಸಂಕಟವೆಂದರೆ, ಅವನು ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಪಟ ತೆಗೆದದ್ದು ಮಿಯೆನ್‌ದೇ. ಮದುಮಕ್ಕಳು ಅಲಂಕಾರ ಮುಗಿಸಿ ಬರುವಷ್ಟರಲ್ಲಿ ಅವರ ಜಾಗದಲ್ಲಿ ಅವಳು ಮುಖವಸ್ತ್ರ ಕೆಳಗಿಳಿಸಿ ನಿಲ್ಲುತ್ತಿದ್ದಳು, ಅವನು ಬೆಳಕು ಪರೀಕ್ಷಿಸುತ್ತಿದ್ದ. ಫುಲ್ ಫ್ರೇಮಿನ ಪಟಗಳು ಭಾರ. ಕ್ಯಾಮೆರಾದ ಮೆಮೊರಿ ಕಾರ್ಡ್ ಬೇಗ ತುಂಬುತ್ತದೆ. ಹಾಗಾಗಿ ಅಲ್ಲೇ ಅಳಿಸಿಬಿಡುವುದು. ಅವನು ಮರೆತರೆ ಅವಳೇ ನೆನಪಿಸುತ್ತಿದ್ದಳು.

ಅಳಿಸಿದ್ದನ್ನು ಮರಳಿ ತೆಗೆಯಬಹುದೆಂದು ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಉಳಿದ ಕಾರ್ಡುಗಳಲ್ಲಿ ಹಳೆಯದರ ಮೇಲೆ ಹೊಸದು ಕೂತಿತ್ತು. ಕಳೆದ ಭಾನುವಾರದ್ದೊಂದನ್ನು ಮಾತ್ರ ಮತ್ತೆ ಮುಟ್ಟಿರಲಿಲ್ಲ. ಅದನ್ನು ಕಂಪ್ಯೂಟರಿಗೆ ಹಾಕಿದ. ಗಂಟೆ ಕಳೆದ ಮೇಲೆ ಮೂರು ಪಟ ಬಂದವು. ಎರಡು ಅರ್ಧ ಹರಿದುಹೋಗಿದ್ದವು. ಒಂದು ಇಡಿಯಾಗಿತ್ತು.

ಮಿಯೆನ್. ದೇವಸ್ಥಾನದ ಅಂಗಳದಲ್ಲಿ, ಕೂದಲ ಮೇಲೆ ಎಳೆಬಿಸಿಲು, ನೇರವಾಗಿ ಅವನನ್ನೇ ನೋಡುತ್ತಿದ್ದಳು. ಅವಳು ಸತ್ತ ಮೇಲೆ ಮೊದಲ ಬಾರಿ ಖಾಂಗ್ ಬಾಯಿಬಿಟ್ಟು ಅತ್ತ.

ಆಮೇಲೆ ಅಭ್ಯಾಸಬಲದಿಂದ ದೊಡ್ಡದು ಮಾಡಿದ. ಅವಳ ಬಾಯಿಯ ಎಡಮೂಲೆ ಕೆಳಗೆ ಜೋತುಬಿದ್ದಿತ್ತು. ಎಡಗಣ್ಣಿನ ರೆಪ್ಪೆಯೂ.

ಆಸ್ಪತ್ರೆಯಲ್ಲಿ ಡಾಕ್ಟರು ಪಾರ್ಶ್ವವಾಯು ಎಂದು ಹೇಳಿ ಇದನ್ನೇ ಕೇಳಿದ್ದರು: ಹಿಂದಿನ ಎರಡು ಮೂರು ದಿನದಲ್ಲಿ ಯಾವಾಗಲಾದರೂ ಬಾಯಿ ಒಂದು ಕಡೆ ವಾಲಿತ್ತೇ? ಇಲ್ಲವೆಂದು ಖಾಂಗ್ ಖಡಾಖಂಡಿತವಾಗಿ ಹೇಳಿದ್ದ. ದಿನವೆಲ್ಲ ಮುಖ ನೋಡುವವನು, ತನಗೆ ಗೊತ್ತಾಗದೆ ಇರುತ್ತದೆಯೇ ಎಂದಿದ್ದ. ಪಟದ ಮೂಲೆಯಲ್ಲಿ ಸಮಯವಿತ್ತು, ಭಾನುವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ಆಗಲೂ ಅವನು ಇದೇ ಪಟವನ್ನು ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದ್ದ. ಎವೆಗೂದಲು ಚೂಪಾಗಿ ಬಂದಿದೆಯೇ ಎಂದಷ್ಟೇ ನೋಡಿದ್ದ. ಬಂದಿತ್ತು. ಅಳಿಸಿದ್ದ. ಅವಳು ಕುಸಿದದ್ದು ಮಂಗಳವಾರ. ನಡುವೆ ಎರಡು ದಿನವಿತ್ತು, ಆಸ್ಪತ್ರೆ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ.

ದಾವ್ ಒಳಗೆ ಬಂದವಳು ಪರದೆಯನ್ನು ಬೆರಳಿನಿಂದ ಸವರಿದಳು.

"ನಮ್ಮ ಮಿಯೆನ್ನೇ ಕಣೋ. ಬಾಯಿ ಮಾತ್ರ ಯಾಕೋ ಸೊಟ್ಟಗಿದೆ. ಬಿಸಿಲಿಗಿರ್ಬೇಕು. ಸರಿ ಮಾಡೋಕಾಗುತ್ತಾ?"

ಖಾಂಗ್ ಪಟವನ್ನು ಮತ್ತೆ ಚಿಕ್ಕದು ಮಾಡಿದ.

"ಆಗುತ್ತೆ ಅಕ್ಕ."

ಅರ್ಧ ನಿಮಿಷವೂ ಹಿಡಿಯಲಿಲ್ಲ. ಬಾಯಿ ನೆಟ್ಟಗಾಯಿತು, ರೆಪ್ಪೆ ಮೇಲೇರಿತು. ಸಂಜೆಯೊಳಗೆ ಪಟ ಚೌಕಟ್ಟಿಗೆ ಬಂತು. ಬಂದವರೆಲ್ಲ ಈಗ ಮಾತಾಡಿಬಿಡುತ್ತಾಳೇನೋ ಎಂದು ಕಣ್ಣೊರೆಸಿಕೊಂಡರು. ಎದುರುಮನೆಯ ಮುದುಕ ಖಾಂಗ್‌ನ ಎರಡೂ ಕೈ ಹಿಡಿದುಕೊಂಡ.

"ಮುಖ ನೋಡೋದ್ರಲ್ಲಿ ನಿನ್ನ ಬಿಟ್ರೆ ಇಲ್ಲಪ್ಪ," ಎಂದ.

ಬಂದವರಿಗೆ ಮನೆಯವರು ತಲೆಬಾಗಿ ಕೃತಜ್ಞತೆ ಹೇಳಬೇಕಲ್ಲ, ಖಾಂಗ್ ತಲೆಬಾಗಿದ.