ಟ್ಯಾಂಕಿಯ ಉತ್ತರಕ್ಕೊಂದು ಗೆರೆ

ಮಂಗಳೂರಿನಲ್ಲಿ ಮೇ ತಿಂಗಳ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸಾಕಷ್ಟು ವಾಲುತ್ತಾನೆ. ಸೌರವಿದ್ಯುತ್ ಸಂಸ್ಥೆ ನಡೆಸುವ ರಘುವೀರ ಇದನ್ನು ಎಂದೂ ನಂಬಲಿಲ್ಲ. ಅವನಲ್ಲಿ ತಾರಸಿಗಳನ್ನು ಅಳೆಯುತ್ತಿದ್ದ ನಾನು ಕೆಲಸ ಕಳೆದುಕೊಂಡದ್ದು ಇದೇ ಕಾರಣಕ್ಕೆ.

ಮಳೆಗೆ ಮುನ್ನ ಕೆಲಸ ಮುಗಿಸುವ ಅವಸರದಲ್ಲಿ ಅವನ ಸಮೀಕ್ಷೆಗಳೆಲ್ಲ ಮೇ ತಿಂಗಳಲ್ಲೇ ನಡೆಯುತ್ತಿದ್ದವು. ತೊಕ್ಕೊಟ್ಟಿನ ಬಟ್ಟೆ ವ್ಯಾಪಾರಿ ಅಬ್ದುಲ್ ರಹ್ಮಾನರ ತಾರಸಿಯಲ್ಲಿ, ಸೌರಫಲಕಗಳು ನೀರಿನ ಟ್ಯಾಂಕಿಯ ದಕ್ಷಿಣಕ್ಕಿರಬೇಕೆಂದು ನಾನು ಬರೆದುಕೊಟ್ಟೆ. ಮೇ ತಿಂಗಳ ನೆರಳು ದಕ್ಷಿಣಕ್ಕೆ ಬೀಳುತ್ತದೆಂದು ಅವನು ಉತ್ತರಕ್ಕೆ ಇರಿಸಿದ. ಡಿಸೆಂಬರಿನಲ್ಲಿ ಟ್ಯಾಂಕಿಯ ನೆರಳು ಅವುಗಳ ಮೇಲೆ ಬಿತ್ತು. ಒಂದು ಫಲಕಕ್ಕೆ ನೆರಳಾದರೆ ಅದರ ಸಾಲಿನ ವಿದ್ಯುತ್ತೇ ಸೊರಗುತ್ತದೆ. ದೂರು ಬಂದಾಗ ತಾರಸಿ ಹತ್ತಿಯೂ ನೋಡದ ರಘುವೀರ ಗಿರಾಕಿಗಳ ಎದುರು ನನ್ನತ್ತ ಬೆರಳು ತೋರಿಸಿದ: "ಇವಳು ಅಳೆದದ್ದೇ ತಪ್ಪು." ರಹ್ಮಾನರು ನನಗೆ ಬೈದರು. ಮರುದಿನ ನನ್ನ ಕೆಲಸ ಹೋಯಿತು. ಆಮೇಲೆ ಊರಿನ ಯಾವ ಸಂಸ್ಥೆಯೂ ನನ್ನ ಅಳತೆಯನ್ನು ನಂಬಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಅವನು ಸಮೀಕ್ಷೆಗೆಂದು ಉರ್ವದ ನಮ್ಮ ಅಪಾರ್ಟ್‌ಮೆಂಟಿಗೇ ಬಂದ. ನಾನಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿ ಪಂಕಜಾಕ್ಷಿ ಟೀಚರ್ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು.

"ಹೊಗೆ ಇಲ್ಲ, ಶಬ್ದ ಇಲ್ಲ ಟೀಚರ್. ಮಳೆಗಾಲದಲ್ಲಿ ಸ್ವಲ್ಪ ಕಡಿಮೆ, ಅಷ್ಟೇ," ಎಂದು ಅವನು ಹೇಳುವುದು ತಾರಸಿಯ ಮೆಟ್ಟಿಲ ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳಿಸಿತು. ಆ ನಡುಹಗಲಲ್ಲಿ ಟ್ಯಾಂಕಿಯ ನೆರಳು ಒಂದೂವರೆ ಅಡಿಯಷ್ಟೇ ದಕ್ಷಿಣಕ್ಕೆ ಬಿದ್ದಿತ್ತು. ಅವನು ಅದರ ಫೋಟೊ ತೆಗೆದು, ಫಲಕಗಳಿಗೆ ಉತ್ತರದ ಜಾಗ ಗುರುತಿಸಿದ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಕರಾರಿಗೆ ಸೇರಿಸಲು ಟೀಚರಿಗೆ ಬರೀ ಮುನ್ನೆಚ್ಚರಿಕೆಗೆಂದು ಹೇಳಿ ಒಂದು ಷರತ್ತನ್ನು ಬರೆದುಕೊಟ್ಟೆ: ಡಿಸೆಂಬರಿನಲ್ಲಿ ನೆರಳು ಬಿದ್ದರೆ ಸಂಸ್ಥೆಯೇ ಫಲಕಗಳನ್ನು ಸ್ಥಳಾಂತರಿಸಬೇಕು, ತಪ್ಪು ತನ್ನದೆಂದು ಬರೆದುಕೊಡಬೇಕು.

ರಘುವೀರ ನಗುತ್ತಲೇ ಸಹಿ ಮಾಡಿದ. "ಡಿಸೆಂಬರಿಗೆ ಬೇರೆ ಸೂರ್ಯ ಉಂಟಾ ಟೀಚರ್?"

ಅಂದು ಸಂಜೆ ಟ್ಯಾಂಕಿಯಿಂದ ಉತ್ತರಕ್ಕೆ 2.94 ಮೀಟರ್ ಅಳೆದು, ನೆಲದ ಮೇಲೆ ಕೆಂಪು ಬಣ್ಣದ ಗೆರೆಯೊಂದನ್ನು ಎಳೆದೆ. ಪಕ್ಕದಲ್ಲಿ ಅಭ್ಯಾಸಬಲದಿಂದ ದಿನಾಂಕವನ್ನೂ ಬರೆದೆ.

ಡಿಸೆಂಬರ್ ಇಪ್ಪತ್ತೆರಡರ ಮಧ್ಯಾಹ್ನ ಹನ್ನೆರಡೂವರೆಗೆ ಟೀಚರ್ ಅವನನ್ನು ತಾರಸಿಗೆ ಕರೆಸಿದರು. ಮೊದಲ ಸಾಲು ಪೂರ್ತಿ ನೆರಳಿನಲ್ಲಿತ್ತು. ನೆರಳಿನ ಅಂಚು ನನ್ನ ಗೆರೆಯ ಮೇಲೆ ಕೂತಿತ್ತು.

"ಓ, ನೀನಾ ಮಾರಾಯ್ತಿ!" ಎಂದ ರಘುವೀರ, ನನ್ನನ್ನು ಕಂಡು.

"ಹೌದು ಸರ್. ನೋಡಿ, ಬೇರೆ ಸೂರ್ಯ ಬಂದಿದ್ದಾನೆ."

"ಬರೆದು ಕೊಡ್ತೇನೆ, ಬಿಡು."

"ಮೊದಲು ರಹ್ಮಾನ್ ಸಾಹೇಬ್ರಿಗೆ ಫೋನ್ ಮಾಡಿ. ಸ್ಪೀಕರ್ ಹಾಕಿ."

ಅವನು ಟೀಚರ್ ಕಡೆ ನೋಡಿದ. ಅವರು ಕರಾರಿನ ಹಾಳೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಫೋನ್ ಮಾಡಿದ. ನನ್ನ ಅಳತೆ ಸರಿಯಾಗಿತ್ತು, ಫಲಕಗಳ ಜಾಗ ಬದಲಾಯಿಸಿದ್ದು ತಾನು ಎಂದ.

ಆಚೆಯಿಂದ ರಹ್ಮಾನರ ದನಿ ಏರಿತು. "ಹಾಗಾದ್ರೆ ಆ ಹುಡುಗಿಗೆ ನಾನು ಬೈದದ್ದು ಎಂತಕ್ಕೆ?"

ರಘುವೀರನ ಹಣೆಯ ಬೆವರನ್ನು ನಾನು ಕಣ್ತುಂಬ ನೋಡಿದೆ. ಒಂದು ವರ್ಷ ಕಾದದ್ದು ಇದಕ್ಕೇ.

ಅವನು ಬರೆದುಕೊಟ್ಟು ಇಳಿದುಹೋದ ಮೇಲೆ ಟೀಚರ್ ಬಗ್ಗಿ ಗೆರೆಯ ಪಕ್ಕದ ಅಕ್ಷರಗಳನ್ನು ಓದಿದರು. ಮೇ ಹತ್ತೊಂಬತ್ತು.

"ನಿನಗೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತು ಟೀಚರ್."

"ನನಗೂ ಹೇಳ್ಲಿಲ್ಲ."

ಅವರು ನನಗಾಗಿ ಕಾಯದೆ ಮೆಟ್ಟಿಲಿಳಿದರು. ರಘುವೀರನ ಸಹಿಯಿದ್ದ ಕಾಗದ ನನ್ನ ಕೈಯಲ್ಲಿತ್ತು. ಅದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡೆ. ಹರಿದುಹಾಕುವ ಯೋಚನೆ ಒಮ್ಮೆಯೂ ಬರಲಿಲ್ಲ.