ಹಿಂದೆ ಸರಿಯದ ಗಾಡಿ

ನನ್ನ ಗಂಡ ಗಂಗಹನುಮಯ್ಯನವರಿಗೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದು ಜಾತಕದಲ್ಲೇ ಬರೆದಿಲ್ಲ. ತುಮಕೂರಿನ ಒಂದು ಎಣ್ಣೆ ಮಿಲ್ಲಿನಲ್ಲಿ ರೈಟರ್ ಆಗಿದ್ದರು. ಒಂದು ದಿನ ಯಾವುದೋ ಸಣ್ಣ ವಿಷಯಕ್ಕೆ ಮಾಲೀಕರ ಮುಂದೆ "ಹಂಗಾದ್ರೆ ನಾಳೆಯಿಂದ ಬರಲ್ಲ" ಅಂದುಬಿಟ್ಟರು. ಅದೇ ಸಂಜೆ ಮಾಲೀಕರು ತಾವಾಗಿ ಶಿರಾ ಗೇಟಿನ ನಮ್ಮ ಬಾಡಿಗೆ ಮನೆಗೆ ಬಂದರು. ಕಾಫಿ ಕುಡಿದು, "ಆಗಿದ್ದು ಆಗೋಯ್ತು, ಬಾರಯ್ಯ" ಅಂದರು. ಇವರು ಹೋಗಲಿಲ್ಲ. ಬರಲ್ಲ ಅಂದಮೇಲೆ ಬರಲ್ಲ, ಅಷ್ಟೇ. ಕಾಫಿ ಮಾಡಿಕೊಟ್ಟದ್ದು ನಾನು, ದಂಡವಾಯಿತು.

ಆಮೇಲೆ ಸಂಸಾರ ನಡೆದದ್ದು ನನ್ನ ಸಂಬಳದಲ್ಲಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ಅದೂ ಟೆಂಪರವರಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಣಿಗಲ್ಲಿಗೆ ಗುಬ್ಬಿಯನ್ನೂ, ಗುಬ್ಬಿಗೆ ಬೆಂಗಳೂರನ್ನೂ ಸೇರಿಸುತ್ತಾ ಕೂರುವ ಕೆಲಸ. ಜನ ಬೈಯುತ್ತಾರೆ, ಸೊಂಟ ನೋಯುತ್ತದೆ. ಆದರೂ ಆ ಕುರ್ಚಿಯಲ್ಲಿ ಕೂತಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅದು ನನಗೆ ಇಷ್ಟವಾಗಿತ್ತು.

ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಇವರು ಇನ್ನೊಂದು ಮಾತು ಆಡಿದರು. "ಕಡಬದ ಜಮೀನು ನಾನೇ ಮಾಡ್ತೀನಿ." ಕಡಬದಲ್ಲಿ ನಮಗಿರುವುದು ಒಂದು ತುಂಡು ರಾಗಿ ಹೊಲ, ಕೆರೆಯ ಹಿಂಭಾಗದಲ್ಲಿ ಒಂದು ಹಳೇ ತೆಂಗಿನ ತೋಟ. ನಮ್ಮ ಅತ್ತೆ ಕದರಮ್ಮ ಒಂದು ಜೊತೆ ಮುದಿ ಎತ್ತು ಇಟ್ಟುಕೊಂಡು ಅಲ್ಲಿ ಹೇಗೋ ಮಾಡಿಕೊಂಡು ಹೋಗುತ್ತಿದ್ದರು. ತೋಟದ ಗಿಡಗಳನ್ನು ಆ ಕಾಲದಲ್ಲಿ ಯಾರೋ ಮನಸ್ಸಿಗೆ ಬಂದಲ್ಲಿ ನೆಟ್ಟಿದ್ದರು. ದೊಡ್ಡ ಟ್ರ್ಯಾಕ್ಟರ್ ಮರದ ಮಧ್ಯೆ ನುಗ್ಗುವುದಿಲ್ಲ. ಹಾಗಾಗಿ ಸಣ್ಣದೊಂದು ಟ್ರ್ಯಾಕ್ಟರ್ ಬೇಕು, ಹೊಸದಕ್ಕೆ ಶಕ್ತಿ ಇಲ್ಲ, ಸೆಕೆಂಡ್ ಹ್ಯಾಂಡ್ ಆದರೂ ಸರಿ ಎಂದು ಓಡಾಡತೊಡಗಿದರು.

ಹುಲಿಯೂರುದುರ್ಗದಲ್ಲಿ ಚನ್ನವೀರಯ್ಯ ಎನ್ನುವವರ ಹತ್ತಿರ ಒಂದು ಗಿಡ್ಡ ಟ್ರ್ಯಾಕ್ಟರ್ ಮಾರಾಟಕ್ಕಿದೆ ಎಂದು ಸುದ್ದಿ ತಂದವರು ಅತ್ತೆಯ ತಮ್ಮ ಚಿಕ್ಕಹನುಮಯ್ಯನವರು. ಅವರು ಎತ್ತು ನೋಡುವುದರಲ್ಲಿ ಎತ್ತಿದ ಕೈ. ಅವರಿಲ್ಲದೆ ಕಡಬದಲ್ಲಿ ಯಾರೂ ಹಸುವಿನ ಬಾಲ ಕೂಡ ಮುಟ್ಟುವುದಿಲ್ಲ. ಟ್ರ್ಯಾಕ್ಟರ್ ಆದರೇನು, ಉಳುವ ಮಾಲು ತಾನೆ ಎಂದು ಅವರನ್ನೇ ಮುಂದೆ ಇಟ್ಟುಕೊಂಡು ಹೊರಟೆವು. ನಾನು ಕೂಡಿಟ್ಟ ಹಣ ನನ್ನ ಕೈಚೀಲದಲ್ಲಿತ್ತು, ಆದ್ದರಿಂದ ನಾನೂ ಹೋಗಬೇಕಾಯಿತು.

ಚನ್ನವೀರಯ್ಯನವರು ಒಳ್ಳೆಯ ಮನುಷ್ಯರಂತೆ ಕಂಡರು. ಅವರ ಶೆಡ್ಡಿಗೆ ಹಿಂದೊಂದು ಬಾಗಿಲು, ಮುಂದೊಂದು ಬಾಗಿಲು. ಗಾಡಿ ಆ ಕಡೆಯಿಂದ ಒಳಗೆ ಬಂದು ಈ ಕಡೆಯಿಂದ ಹೊರಗೆ ಹೋಗುತ್ತದೆ. "ಗಾಳಿ ಎಷ್ಟು ಚೆನ್ನಾಗಿ ಆಡುತ್ತೆ" ಎಂದು ನಾನೇ ಹೊಗಳಿದೆ. ನಮ್ಮ ಬುದ್ಧಿಗೆ ಅಷ್ಟೇ ಹೊಳೆದದ್ದು.

ಚಿಕ್ಕಹನುಮಯ್ಯನವರು ಟ್ರ್ಯಾಕ್ಟರನ್ನು ಸುತ್ತಿ ಸುತ್ತಿ ನೋಡಿದರು. ಟೈರಿನ ಸಂದಿಗೆ ಬೆರಳು ಹಾಕಿ, "ಹಲ್ಲು ಪರವಾಗಿಲ್ಲ" ಅಂದರು. ಅಂಗಳದಲ್ಲಿ ನಡೆಸಿ ತೋರಿಸಲು ಹೇಳಿದರು. ಆಮೇಲೆ ಕಲ್ಲು ತುಂಬಿದ ಎತ್ತಿನ ಗಾಡಿಯ ಚಕ್ರಗಳಿಗೆ ತಿರುಗದಂತೆ ಹಗ್ಗ ಬಿಗಿಸಿ, ಅದನ್ನು ಎಳೆಸಿದರು. ಸಂತೆಯಲ್ಲಿ ಎತ್ತಿನ ಬಲ ನೋಡುವುದು ಹಾಗೆಯೇ. ಟ್ರ್ಯಾಕ್ಟರು ಮಣ್ಣು ಸೀಳಿಕೊಂಡು ಎಳೆಯಿತು. "ನಡಿಗೆನೂ ಐತೆ, ಕಸುವೂ ಐತೆ" ಎಂದು ಹೆಗಲ ಮೇಲಿನ ಟವೆಲ್ ಕೊಡವಿದರು. ನನ್ನ ಗಂಡನಿಗೆ ಮಿಲ್ಲಿನ ಗಾಡಿ ಓಡಿಸಿ ಅಭ್ಯಾಸವಿತ್ತು. ಆದರೂ ಸೋದರಮಾವ ನೋಡಿದ ಮೇಲೆ ತಾನೂ ಹತ್ತಿ ನೋಡಿದರೆ ಅವರಿಗೆ ಅವಮಾನ ಎಂದು ಸುಮ್ಮನೆ ನಿಂತಿದ್ದರು.

ಆಗ ಚನ್ನವೀರಯ್ಯನವರು ಹೇಳಿದರು. "ನೋಡ್ರಪ್ಪ, ಮುಚ್ಚುಮರೆ ಬೇಡ, ಮೊದ್ಲೇ ಹೇಳ್ಬುಡ್ತೀನಿ. ಈ ಗಾಡಿ ಹಿಂದೆ ಸರಿಯೋ ಮಾತೇ ಇಲ್ಲ. ಒಪ್ಪಿಗೆ ಇದ್ರೆ ತಗೊಳ್ಳಿ."

"ಅಂಥದ್ದೇ ಕಣಣ್ಣ ನಮ್ಗೂ ಬೇಕಾಗಿದ್ದು" ಅಂದರು ಚಿಕ್ಕಹನುಮಯ್ಯನವರು. "ಹಿಂದೆ ಸರಿಯೋ ಮಾಲು ಕಟ್ಕೊಂಡು ಏನ್ಮಾಡೋಣ."

ನೊಗ ಕಂಡರೆ ಹಿಂದೆ ಸರಿಯುವ ಎತ್ತನ್ನು ನಮ್ಮ ಕಡೆ ಯಾರೂ ಕೊಳ್ಳುವುದಿಲ್ಲ. ಹಿಂದೆ ಸರಿಯಲ್ಲ ಅನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನ್ನ ಗಂಡನ ಮುಖವಂತೂ ತಮ್ಮನ್ನೇ ಯಾರೋ ಹೊಗಳಿದಂತೆ ಅರಳಿತು. ಚನ್ನವೀರಯ್ಯನವರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. "ಯೋಚ್ನೆ ಮಾಡಿ ಹೇಳಿ. ಆಮೇಲೆ ಬಂದು ಕೇಳ್ಬಾರ್ದು" ಅಂದರು. ಯೋಚನೆ ಮಾಡುವುದೇನಿದೆ ಎಂದು ಇವರು ನನ್ನ ಕೈಚೀಲದ ಕಡೆ ನೋಡಿದರು. ಚನ್ನವೀರಯ್ಯನವರ ಹೆಂಡತಿ ನನಗೆ ಕುಂಕುಮ ಕೊಟ್ಟು, ಮಡಿಲಿಗೆ ಬಾಳೆಹಣ್ಣು ಹಾಕಿದರು. ಇವರು ಟ್ರ್ಯಾಕ್ಟರ್ ಹತ್ತಿ, ಸೋದರಮಾವನನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು, ಕುಣಿಗಲ್ ದಾಟಿ ಕಡಬದವರೆಗೂ ಮುಂದಕ್ಕೇ ಓಡಿಸಿಕೊಂಡು ಹೋದರು. ಎತ್ತುಗಳನ್ನು ಅದೇ ವಾರ ಮಾರಿಬಿಟ್ಟರು.

ಮುಂದಿನ ಶನಿವಾರ ನಾನು ಕಡಬಕ್ಕೆ ಹೋದಾಗ ಟ್ರ್ಯಾಕ್ಟರು ಕತ್ತಾಳೆ ಬೇಲಿಗೆ ಮೂತಿ ಕೊಟ್ಟು ನಿಂತಿತ್ತು. ಇವರು ಗೇರ್ ಹಿಡಿದು ಜಗ್ಗುತ್ತಿದ್ದರು. ಕರಕರ ಸದ್ದು ಬಿಟ್ಟರೆ ಏನೂ ಇಲ್ಲ. ಗುಬ್ಬಿಯಿಂದ ಬಂದ ಮೆಕ್ಯಾನಿಕ್ ಬಿಚ್ಚಿ ನೋಡಿ, ರಿವರ್ಸ್ ಗೇರಿನ ಹಲ್ಲುಚಕ್ರವನ್ನು ಯಾವ ಕಾಲದಲ್ಲೋ ತೆಗೆದುಹಾಕಿದ್ದಾರೆ, ಈ ಗಾಡಿ ಮಾಡುವ ಕಂಪನಿಯೇ ಈಗ ಇಲ್ಲ, ಸಾಮಾನು ಸಿಗುವುದಿಲ್ಲ ಎಂದು ಕೈ ಒರೆಸಿಕೊಂಡು ಹೋದ.

"ಎತ್ತು ಹಿಂದಕ್ಕೆ ಹೋಗ್ತದಾ ಅಂತ ನಾನು ಯಾವತ್ತಾದ್ರೂ ಕೇಳಿದ್ದುಂಟಾ" ಎಂದು ಚಿಕ್ಕಹನುಮಯ್ಯನವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಅವರು ನಮ್ಮ ತೋಟದ ಕಡೆ ಬರುವುದನ್ನೇ ಬಿಟ್ಟರು.

ನಾನು ಹೇಳಿದೆ. "ಹುಲಿಯೂರುದುರ್ಗಕ್ಕೆ ಹೋಗೋಣ ನಡೀರಿ. ಒಳ್ಳೆಯವ್ರ ಥರ ಇದಾರೆ, ವಾಪಸ್ ತಗೋತಾರೆ."

"ಅವ್ರು ಬಾಯಿಬಿಟ್ಟು ಹೇಳಿದ್ರು, ನಾವು ಹೂಂ ಅಂದ್ವಿ. ಈಗ ಹೋಗಿ ಅರ್ಥ ಆಗ್ಲಿಲ್ಲ ಅಂತ ಹಲ್ಲು ಗಿಂಜಲಾ?" ಅಂದರು ಇವರು.

ಅಲ್ಲಿಗೆ ಮುಗಿಯಿತು. ಊರಿನಲ್ಲಿ ಯಾರಿಗೂ ಈ ವಿಷಯ ಗೊತ್ತಾಗಬಾರದು ಎಂದು ಅತ್ತೆಯ ಹತ್ತಿರವೂ ನನ್ನ ಹತ್ತಿರವೂ ಮಾತು ತೆಗೆದುಕೊಂಡರು. ಸಾಲಿನ ಕೊನೆಯಲ್ಲಿ ಎತ್ತು ನಿಂತಲ್ಲೇ ತಿರುಗುತ್ತದೆ. ಟ್ರ್ಯಾಕ್ಟರ್ ಒಂದು ಸಲ ಹಿಂದಕ್ಕೆ ಬಂದರೇ ತಿರುಗುವುದು. ಇದು ಹಿಂದಕ್ಕೆ ಬರುವುದಿಲ್ಲವಾದ್ದರಿಂದ ತೋಟವೇ ಜಾಗ ಬಿಡಬೇಕಾಯಿತು. ಆವತ್ತು ಬೇಲಿ ಹೋಯಿತು. ಇನ್ನೊಂದು ವಾರ ಹೋದಾಗ ನಿಂಬೆಗಿಡ ಇರಲಿಲ್ಲ. ಮತ್ತೊಂದು ವಾರ ಬದು ಮಾಯವಾಗಿತ್ತು. ಕೇಳಿದರೆ, "ಅಡ್ಡ ಇತ್ತು" ಎನ್ನುತ್ತಿದ್ದರು. ಉಳುತ್ತಾ ಉಳುತ್ತಾ ಇವರು ಮೂಲೆ ಸೇರಿಕೊಳ್ಳುತ್ತಿದ್ದಾರೆ, ಜೊತೆಗೆ ನಮ್ಮನ್ನೂ ತಳ್ಳಿಕೊಂಡು ಹೋಗುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು.

ಜೂನ್ ತಿಂಗಳಲ್ಲಿ ಒಳ್ಳೆಯ ಹದದ ಮಳೆ ಬಿತ್ತು. ಅದೇ ಹೊತ್ತಿಗೆ ಎಕ್ಸ್‌ಚೇಂಜಿನಲ್ಲಿ ನಮ್ಮ ಸೂಪರ್‌ವೈಸರ್ ಮಹಾಲಕ್ಷ್ಮಮ್ಮನವರು ನನ್ನನ್ನು ಕರೆದರು. "ಸರ್ವಮಂಗಳ, ಸೋಮವಾರ ಬೆಳಿಗ್ಗೆ ಪರ್ಮನೆಂಟ್ ಮಾಡೋ ಇಂಟರ್ವ್ಯೂ. ಬರದೇ ಇದ್ದೋರ ಹೆಸರು ಹೊಡೆದುಹಾಕ್ತಾರೆ. ಸತ್ತರೂ ಬಾ" ಅಂದರು. ಶನಿವಾರ ಕಡಬಕ್ಕೆ ಹೋಗಿ, ಭಾನುವಾರ ಸಂಜೆಯ ಕೊನೇ ಬಸ್ಸಿಗೆ ತುಮಕೂರು ಸೇರುವುದು ಎಂದು ಲೆಕ್ಕ ಹಾಕಿದೆ. ಹೋಗಲೇಬಾರದಿತ್ತು, ಆದರೆ ಹೋದೆ.

ಭಾನುವಾರ ಮಧ್ಯಾಹ್ನ ಅತ್ತೆ ಓಡಿಬಂದು ನನ್ನ ಕೈ ಹಿಡಿದರು. "ಬಾರವ್ವ ಮಂಗಳ, ನಿನ್ನ ಗಂಡ ನನ್ನ ಮರಕ್ಕೆ ಕೊಡ್ಲಿ ತಂದವ್ನೆ."

ತೋಟದ ಮೇಲ್ತುದಿಯ ಆ ಒಂದು ತೆಂಗಿನ ಮರ ಅತ್ತೆಯದು. ಅವರು ಸೊಸೆಯಾಗಿ ಬಂದಾಗ ಅವರ ಅತ್ತೆ, "ಇದರ ಕಾಯಿ ನಿಂದು" ಎಂದು ತೋರಿಸಿದ ಮರ. ಅದರ ಕಾಯಿ ಮಾರಿದ ದುಡ್ಡನ್ನು ಮನೆಯಲ್ಲಿ ಯಾರೂ ಕೇಳುವಂತಿಲ್ಲ. ಎಲೆಅಡಿಕೆ, ತವರಿಗೆ ಹೋಗುವ ಬಸ್ ಚಾರ್ಜು, ನಾನು ಬಂದಾಗ ಒಂದು ಮೊಳ ಹೂವು, ಎಲ್ಲ ಅದರಿಂದಲೇ. ನನಗೂ ಒಂದು ಮರ ತೋರಿಸಲು ಬಂದಿದ್ದರು. "ನಂಗ್ಯಾಕೆ ಅತ್ತೆ, ನಂಗೆ ಎಕ್ಸ್‌ಚೇಂಜ್ ಇದೆಯಲ್ಲ" ಎಂದು ನಕ್ಕಿದ್ದೆ.

ಟ್ರ್ಯಾಕ್ಟರು ಮರದ ಬುಡಕ್ಕೆ ಮೂಗು ತಾಗಿಸಿ ನಿಂತಿತ್ತು. ಇವರು ಪಂಚೆ ಎತ್ತಿಕಟ್ಟಿ ಕೊಡಲಿ ಹಿಡಿದಿದ್ದರು. ಕಾಯಿ ತುಂಬಿದ ಮರಕ್ಕೆ ಕೊಡಲಿ ಹಾಕುವುದಕ್ಕೆ ಅವರ ಕೈಯೂ ಏಳುತ್ತಿರಲಿಲ್ಲ, ಅದು ಕಾಣುತ್ತಿತ್ತು. ಆದರೆ ಕಡಿಯುತ್ತೇನೆ ಎಂದು ಬಾಯಿಬಿಟ್ಟು ಹೇಳಿ ಆಗಿತ್ತು. ಇನ್ನು ಇವರನ್ನು ತಡೆಯುವವರು ಯಾರು?

ನನಗೆ ಮೈಯೆಲ್ಲ ಉರಿದುಹೋಯಿತು. "ಗಾಡಿ ಮೇಲೆ ಹತ್ತಿ ಕೂತ್ಕೊಳ್ಳಿ. ಗೇರ್ ನ್ಯೂಟ್ರಲ್ ಮಾಡಿ" ಅಂದೆ. ಏಕೆ ಎಂದು ಕೇಳದೆ ಹತ್ತಿದರು. ನಾನು ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ಮುಂದಿನ ಕಂಬಿಗೆ ಎರಡೂ ಕೈ ಕೊಟ್ಟೆ. ಅತ್ತೆ ಪಕ್ಕದಲ್ಲಿ ನಿಂತರು. ಅಲ್ಲಿ ನೆಲ ಮರದ ಕಡೆಯಿಂದ ಒಂದಿಷ್ಟು ಇಳಿಜಾರು. ಎರಡು ಸಲ ಅಲುಗಿತು, ಮೂರನೇ ಸಲ ಸದ್ದಿಲ್ಲದೆ ಹಿಂದಕ್ಕೆ ಹೊರಳಿತು. ಇವರು ಸ್ಟೇರಿಂಗ್ ತಿರುಗಿಸಿಕೊಂಡರು. ದಾರಿ ಸಿಕ್ಕಿತು. ಇಷ್ಟು ದಿನ ಬೇಲಿ, ಗಿಡ, ಬದು ಕಳೆದುಕೊಂಡದ್ದು ಇಷ್ಟಕ್ಕೆ.

ಇವರು ಇಳಿದು ಬಂದರು. ಅಂಥ ನಗುಮುಖ ನಾನು ಅವರು ಮಿಲ್ಲು ಬಿಟ್ಟ ಮೇಲೆ ನೋಡಿರಲಿಲ್ಲ. "ಎಷ್ಟು ಸಲೀಸಾಗಿ ಬಂತು ನೋಡೇ. ನಂಗೆ ಹೊಳೀಲೇ ಇಲ್ಲ" ಅಂದರು. ನನಗೂ ಒಂದು ಗಳಿಗೆ ಹೆಮ್ಮೆಯಾಯಿತು. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು.

"ನೀನು ಇಲ್ಲೇ ಇದ್ಬುಡು ಮಂಗಳ" ಅಂದರು ಇವರು.

"ನಾಳೆ ಬೆಳಿಗ್ಗೆ ನನ್ನ ಇಂಟರ್ವ್ಯೂ ಕಣ್ರೀ."

"ಗೊತ್ತು. ಆದ್ರೆ ಹದ ಇರೋದು ಇನ್ನು ಎರಡು ಮೂರು ದಿನ. ಸಾಲಿಗೊಂದ್ಸಲ ಹಿಂದಕ್ಕೆ ತಳ್ಳೋರು ಬೇಕು."

"ಆಳು ಕರ್ಕೊಳ್ಳಿ."

"ಆಳು ಬಂದ್ರೆ ಸಂಜೆಗೆ ಊರೆಲ್ಲ ಗೊತ್ತಾಯ್ತದೆ. ಮನೆಯವ್ರೇ ಆಗ್ಬೇಕು. ಅವ್ವನ ಒಬ್ಬಳ ಕೈಲಿ ಆಗಲ್ಲ." ಸಿಟ್ಟಿಲ್ಲ, ಜೋರಿಲ್ಲ. ತರಕಾರಿಯ ಬೆಲೆ ಹೇಳಿದ ಹಾಗೆ ಹೇಳುತ್ತಿದ್ದರು. "ನಿನ್ನ ಹಿಡ್ಕೊಳ್ಳಲ್ಲ ನಾನು. ಹೋಗ್ತೀನಿ ಅಂದ್ರೆ ಹೋಗು. ನಾನು ಮರ ಕಡ್ಕೊಂಡು ದಾರಿ ಮಾಡ್ಕೋತೀನಿ."

ನಾನು ಅತ್ತೆಯ ಕಡೆ ನೋಡಿದೆ. ಈಗಲಾದರೂ ಮಗನಿಗೆ ಒಂದು ಮಾತು ಹೇಳುತ್ತಾರೆ ಎಂದು ಕಾದೆ. ಅವರು ಮರದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ನನ್ನ ಮುಖ ನೋಡದೆಯೇ, "ಕೆಲ್ಸ ಇನ್ನೊಂದು ಸಿಗ್ತದೆ ಕಣವ್ವ" ಅಂದರು.

ಆ ಕ್ಷಣ ನನಗೆ ಗಂಡನಿಗಿಂತ ಅವರ ಮೇಲೆ ಹೆಚ್ಚು ಸಿಟ್ಟು ಬಂತು. ಮರದ ಮೇಲೂ ಬಂತು. ಮನೆಗೆ ಹೋಗಿ, ಸೀರೆ ಬದಲಾಯಿಸಿ, ಚೀಲ ಹಿಡಿದು ರಸ್ತೆಗೆ ಬಂದು ನಿಂತೆ. ಯಾರೂ ಕರೆಯಲಿಲ್ಲ. ರಸ್ತೆಗೆ ತೋಟ ಪೂರ್ತಿ ಕಾಣುತ್ತಿತ್ತು. ಟ್ರ್ಯಾಕ್ಟರು ಇನ್ನೊಂದು ಸಾಲು ಹೊಡೆದುಕೊಂಡು ಬಂದು ಅದೇ ಮರದ ಹತ್ತಿರ ನಿಂತಿತು. ಇವರು ಸೀಟಿನಿಂದ ಇಳಿಯಲಿಲ್ಲ, ತಲೆ ತಿರುಗಿಸಿ ನನ್ನ ಕಡೆ ನೋಡಲೂ ಇಲ್ಲ. ಅತ್ತೆ ಮೊಣಕಾಲಿನ ಮೇಲೆ ಕೈ ಊರಿಕೊಂಡು ನಡೆದುಹೋಗಿ, ಕಂಬಿಗೆ ಎದೆ ಕೊಟ್ಟು ಒಬ್ಬರೇ ತಳ್ಳತೊಡಗಿದರು. ಗಾಡಿ ಅಲುಗಲಿಲ್ಲ. ಮತ್ತೆ ತಳ್ಳಿದರು. ಕಾಲು ಜಾರಿ ಮಂಡಿಯೂರಿದರು, ಎದ್ದರು, ಮತ್ತೆ ತಳ್ಳಿದರು.

ಕೆರೆ ಏರಿಯ ಕಡೆಯಿಂದ ಬಂದ ಬಸ್ಸು ಸರಿಯಾಗಿ ನನ್ನ ಮುಂದೆಯೇ ನಿಂತಿತು. ಕಂಡಕ್ಟರ್ ಬಾಗಿಲು ತೆಗೆದು, "ಹತ್ತಮ್ಮ ಬೇಗ, ಇನ್ನು ಬಸ್ಸಿಲ್ಲ" ಅಂದ.

"ನಾನು ಬರಲ್ಲಣ್ಣ, ನೀವು ಹೊರಡಿ" ಅಂದೆ.